ಮಗುವಿಗೆ ಸಿಕ್ಕ ವಾರಗಳು

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆ ಎಂದರೆ ಸಾಕು, ಬಸುರಿಯ ಜೊತೆ ಬಂದ ಅಮ್ಮನೋ ಅತ್ತೆಯೋ ಕೇಳುತ್ತಾರೆ: “ಡಾಕ್ಟ್ರಮ್ಮಾ, ಮಗು ಸರಿಯಾಗಿ ಬೆಳೆಯುತ್ತಾ?” ಹೀಗೆ ಕೇಳುವ ಕಾಲ ಬಂದದ್ದು ಈಚೆಗೆ. ಅದಕ್ಕೂ ಮುಂಚೆ ತಾಯಿ ಉಳಿದರೆ ಸಾಕಿತ್ತು.

ಮೇಲಿದ್ದ ಮಾಸು ಕಳಚಿ ಗರ್ಭಕೋಶದ ಬಾಯಿಗೆ ಜಾರಿದೆ ಎಂದೇ ಯುರೋಪಿನ ವೈದ್ಯರು ಬಹುಕಾಲ ನಂಬಿದ್ದರು. ಅದು ಆ ಬಾಯಿಯ ಹತ್ತಿರವೇ ಅಂಟಿ ಬೆಳೆದಿರುತ್ತದೆಂದು 1685ರಲ್ಲಿ ಬರೆದವನು ಪ್ಯಾರಿಸ್‌ನ ಪಾಲ್ ಪೊರ್ತಾಲ್. ಬಾಯಿ ತೆರೆದಂತೆ ಇಂಥ ಮಾಸು ಬಿಟ್ಟುಕೊಂಡು ರಕ್ತ ಹೋಗುವುದು ಅನಿವಾರ್ಯ ಎಂದು 1775ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಎಡ್ವರ್ಡ್ ರಿಗ್ಬಿ ವಿವರಿಸಿದ.

ಕಾರಣ ತಿಳಿದರೂ ಮಗುವಿಗೆ ಲಾಭವಾಗಲಿಲ್ಲ. 1860ರ ದಶಕದಲ್ಲಿ ಲಂಡನ್‌ನ ಬ್ರಾಕ್ಸ್‌ಟನ್ ಹಿಕ್ಸ್ ಒಂದು ವಿಧಾನ ಕಲಿಸಿದ. ಹೊಟ್ಟೆಯೊಳಗೇ ಮಗುವನ್ನು ತಿರುಗಿಸಿ, ಕಾಲು ಹಿಡಿದು ಕೆಳಗೆಳೆದು, ಅದರ ಮೈಯಿಂದಲೇ ಮಾಸನ್ನು ಒತ್ತಿ ರಕ್ತ ನಿಲ್ಲಿಸುವುದು. ಎಷ್ಟೋ ತಾಯಂದಿರು ಬದುಕಿದರು. ಮಕ್ಕಳು ಹೆಚ್ಚಾಗಿ ಸತ್ತವು. ಚರಿತ್ರೆಯ ಈ ಭಾಗವನ್ನು ಇಂದಿಗೂ ನನಗೆ ನೆಮ್ಮದಿಯಿಂದ ಓದಲಾಗುವುದಿಲ್ಲ.

ದಿಕ್ಕು ಬದಲಾದದ್ದು ಬೆಲ್‌ಫಾಸ್ಟ್‌ನಲ್ಲಿ. ರಕ್ತ ಕಂಡೊಡನೆ ಹೆರಿಗೆ ಮಾಡಿಸಬೇಕೆಂಬ ನಿಯಮವನ್ನು ಅಲ್ಲಿನ ವೈದ್ಯ ಮೆಕಾಫಿ ಪ್ರಶ್ನಿಸಿದರು. ಮೊದಲ ರಕ್ತಸ್ರಾವ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಬೆರಳು ಹಾಕಿ ನೋಡಿದರೆ ಮತ್ತೆ ಶುರುವಾಗುತ್ತದೆ. ಆದ್ದರಿಂದ ಒಳಪರೀಕ್ಷೆ ಬೇಡ, ತಾಯಿ ಆಸ್ಪತ್ರೆಯಲ್ಲೇ ಇರಲಿ, ಅವಳಿಗೆ ಕೊಡಲು ರಕ್ತ ಕೈಗೆ ಸಿಗುವಂತಿರಲಿ, ಮಗು ಬಲಿಯುವವರೆಗೆ ಕಾಯೋಣ ಎಂದರು. 1945ರಲ್ಲಿ ಅವರು ಪ್ರಕಟಿಸಿದ 174 ಪ್ರಕರಣಗಳಲ್ಲಿ ಸತ್ತ ತಾಯಿ ಒಬ್ಬಳೇ. ಅರ್ಧಕ್ಕರ್ಧ ಸಾಯುತ್ತಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲು ಉಳಿದವು. ನನ್ನ ಕಣ್ಣಿಗೆ ಇಡೀ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಇದೇ: ಮಗುವಿಗೆ ಬೇಕಿದ್ದದ್ದು ಬೆಳೆಯಲು ಇನ್ನಷ್ಟು ವಾರಗಳು.

1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. ಮುಂದೆ ಮಾಸಿನ ಜಾಗವನ್ನು ಮೊದಲೇ ನೋಡಬಹುದಾಯಿತು. ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಐದನೇ ತಿಂಗಳಲ್ಲಿ ಕೆಳಗಿದ್ದ ಮಾಸು ಬಹುಪಾಲು ಬಸುರಿಯರಲ್ಲಿ ಬಾಯಿಯಿಂದ ದೂರ ಸರಿಯುತ್ತದೆಂದು ತಿಳಿಯಿತು.

ಕೆಳಭಾಗದಲ್ಲಿ ರಕ್ತಸಂಚಾರ ಕಡಿಮೆ, ಹಾಗಾಗಿ ಮಗು ಸೊರಗುತ್ತದೆ ಎಂಬ ಅನುಮಾನವೂ ಇತ್ತು. ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಕಂಡ ವ್ಯತ್ಯಾಸ ದೊಡ್ಡದಲ್ಲ. ತೂಕ ಕಡಿಮೆಯಾಗಲು ಮುಖ್ಯ ಕಾರಣ ದಿನ ತುಂಬುವ ಮುಂಚೆ ಹುಟ್ಟುವುದು.

ಆದ್ದರಿಂದ ನಾನು ಹೇಳುವುದಿಷ್ಟು. ಕಾಲು ಎತ್ತಿ ಮಲಗಿದರೆ ಮಾಸು ಮೇಲೇರದು, ಇನ್ನೊಂದು ತುತ್ತು ಹೆಚ್ಚು ಉಂಡರೂ ಏರದು. ಮಾಸು ಸರಿದಿದೆಯೇ ಎಂದು ನೋಡುವ 32ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. ನೋವಿಲ್ಲದಿದ್ದರೂ ರಕ್ತ ಕಂಡರೆ, ನಿಲ್ಲುತ್ತದೇನೋ ಎಂದು ಕಾಯದೆ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.