ಅಭಿಮಾನಿ ಕೊಟ್ಟ ಚಂದಾ ಯಾರ ಪೆಟ್ಟಿಗೆಗೆ?

ನಮ್ಮ ನ್ಯೂಸ್‌ರೂಮಿನಲ್ಲಿ ಎಡಿಟಿಂಗ್ ಮಾಡ್ತಿದ್ದ ಹುಡುಗನೊಬ್ಬ ಕೆಲಸ ಬಿಟ್ಟು ಸ್ವಂತ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದಾನೆ. ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಕೂತಿದ್ದಾಗ ಫೋನ್ ಮಾಡಿದ. "ಸಾರ್, ಜಾಹೀರಾತಿನ ದುಡ್ಡಲ್ಲಿ ಮನೆ ಬಾಡಿಗೆ ಹುಟ್ಟಲ್ಲ. ಅಭಿಮಾನಿಗಳಿಂದ ತಿಂಗಳ ಚಂದಾ ತಗೋಬೇಕು ಅಂತಿದೀನಿ. ಯಾವ ಪ್ಲಾಟ್‌ಫಾರ್ಮ್ ಒಳ್ಳೇದು?" ನಾನು ಒಂದೇ ಮಾತಲ್ಲಿ ಉತ್ತರ ಕೊಡಲಿಲ್ಲ, ಕಥೆ ಹೇಳಿದೆ. ನಿಮಗೂ ಹೇಳ್ತೀನಿ ಕೇಳಿ.

ಅಮೆರಿಕದಲ್ಲಿ ಜ್ಯಾಕ್ ಕಾಂಟೆ ಅಂತ ಒಬ್ಬ ಸಂಗೀತಗಾರ. ಸುಮಾರು ಹತ್ತು ಸಾವಿರ ಡಾಲರ್ ಸುರಿದು, ತಿಂಗಳುಗಟ್ಟಲೆ ಒದ್ದಾಡಿ, ಸ್ಟಾರ್ ವಾರ್ಸ್ ಸಿನಿಮಾದ ನೌಕೆಯಂಥ ಸೆಟ್ ಹಾಕಿ ಒಂದು ಹಾಡಿನ ವಿಡಿಯೊ ಮಾಡಿದ. ಲಕ್ಷಗಟ್ಟಲೆ ಜನ ನೋಡಿದರು. ಜಾಹೀರಾತಿನಿಂದ ಅವನಿಗೆ ಸಿಗುತ್ತಿದ್ದದ್ದು? ಹಾಕಿದ ಬಂಡವಾಳದ ಮುಂದೆ ಚಿಲ್ಲರೆ ಕಾಸು. ಆ ಹೊಟ್ಟೆಯುರಿಯಲ್ಲೇ 2013ರಲ್ಲಿ ಗೆಳೆಯ ಸ್ಯಾಮ್ ಯಾಮ್ ಜೊತೆ ಸೇರಿ ಪೇಟ್ರಿಯಾನ್ ಕಟ್ಟಿದ. ಅಭಿಮಾನಿ ದುಡ್ಡು ಕೊಡಬೇಕು, ಕಂಪನಿ ಶೇ. 5ರಷ್ಟು ಹಿಡಿದುಕೊಂಡು ಉಳಿದದ್ದನ್ನು ಕಲಾವಿದನಿಗೆ ದಾಟಿಸಬೇಕು. ಆಗಿನ ಲೆಕ್ಕ ಅಷ್ಟೇ.

ಇದೇನು ಹೊಸ ಬುದ್ಧಿ ಅಂದ್ಕೋಬೇಡಿ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲೇ ಮನೋಹರ ಗ್ರಂಥಮಾಲೆ ಶುರು ಮಾಡಿ, ಚಂದಾದಾರರನ್ನು ನಂಬಿಕೊಂಡು ಪುಸ್ತಕ ಹಾಕಿದವರು. ಗಿರೀಶ್ ಕಾರ್ನಾಡರ ಮೊದಲ ನಾಟಕ 'ಯಯಾತಿ' ಬಂದಿದ್ದೂ ಅಲ್ಲಿಂದಲೇ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಚಂದಾದಾರರ ಹೆಸರು, ವಿಳಾಸ ಪ್ರಕಾಶಕರ ಕೈಯಲ್ಲೇ ಇರುತ್ತಿತ್ತು.

ಈಗ? 2017ರ ಡಿಸೆಂಬರ್ ನೆನಪು ಮಾಡ್ಕೊಳ್ಳಿ. ಪೇಟ್ರಿಯಾನ್ ಇದ್ದಕ್ಕಿದ್ದಂತೆ ಶುಲ್ಕದ ನಿಯಮ ಬದಲಾಯಿಸ್ತೀವಿ ಅಂತು. ಪ್ರತಿ ಚಂದಾ ಮೇಲೆ ಶೇ. 2.9, ಜೊತೆಗೆ 35 ಸೆಂಟ್, ಅದೂ ಅಭಿಮಾನಿಯ ಜೇಬಿನಿಂದ. ಒಂದು ಡಾಲರ್ ಕೊಡ್ತಿದ್ದವನು ಒಂದು ಡಾಲರ್ 38 ಸೆಂಟ್ ಕೊಡಬೇಕು. ನೂರು ಡಾಲರ್ ಕೊಡೋನಿಗೆ ಇದು ಲೆಕ್ಕಕ್ಕಿಲ್ಲ, ಏಟು ಬಿದ್ದಿದ್ದು ಸಣ್ಣವರಿಗೆ. ಒಂದೊಂದು ಡಾಲರ್ ಕೊಡ್ತಿದ್ದವರು ಗುಂಪು ಗುಂಪಾಗಿ ಕೈಬಿಟ್ಟರು. ವಾರದೊಳಗೆ ಕಂಪನಿ ಕ್ಷಮೆ ಕೇಳಿ ನಿರ್ಧಾರ ವಾಪಸ್ ತಗೊಳ್ತು. ಹೋದ ಅಭಿಮಾನಿಗಳೆಲ್ಲ ವಾಪಸ್ ಬರ್ತಾರಾ ಸ್ವಾಮಿ?

ಇನ್ನೊಂದು ಕಥೆ ಲಂಡನ್ನಿನ ಓನ್ಲಿಫ್ಯಾನ್ಸ್‌ದು. 2016ರಲ್ಲಿ ಹುಟ್ಟಿ, ವಯಸ್ಕರ ವಿಡಿಯೊಗಳಿಂದಲೇ ಹೆಸರಾದ ಕಂಪನಿ. ಕಮಿಷನ್ ಶೇ. 20. ಆ ವಿಡಿಯೊ ಸರಿಯೋ ತಪ್ಪೋ ಅನ್ನೋದು ಇನ್ನೊಂದು ದಿನದ ಚರ್ಚೆ, ಇಲ್ಲಿ ವ್ಯವಹಾರ ನೋಡಿ. 2021ರ ಆಗಸ್ಟ್ 19ರಂದು, ಅಂಥ ಕಂಟೆಂಟ್ ಅಕ್ಟೋಬರ್‌ನಿಂದ ಬಂದ್ ಅಂತ ಘೋಷಿಸಿದರು. ಬ್ಯಾಂಕುಗಳತ್ತ ಬೆರಳು ತೋರಿಸಿದರು. ಆರೇ ದಿನಕ್ಕೆ, 25ನೇ ತಾರೀಕು, ಇಲ್ಲ ಇಲ್ಲ ಅಂದರು. ಆ ಆರು ದಿನ ಅದನ್ನೇ ನಂಬಿ ಒಲೆ ಹಚ್ಚುತ್ತಿದ್ದವರ ಪಾಡು ಹೇಗಿದ್ದಿರಬೇಕು, ಯೋಚನೆ ಮಾಡಿ.

ಅದೇ ವರ್ಷ ಅಕ್ಟೋಬರ್ 1ರಿಂದ ನಮ್ಮ ರಿಸರ್ವ್ ಬ್ಯಾಂಕಿನ ಆಟೋ-ಡೆಬಿಟ್ ನಿಯಮ ಜಾರಿಗೆ ಬಂತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತ ಆಗಬೇಕಾದರೆ ಮೊದಲು ಗ್ರಾಹಕ ದೃಢೀಕರಿಸಬೇಕು, ಪ್ರತಿ ಸಲ 24 ಗಂಟೆ ಮುಂಚೆ ಬ್ಯಾಂಕು ತಿಳಿಸಬೇಕು. ಗ್ರಾಹಕರ ದೃಷ್ಟಿಯಿಂದ ಒಳ್ಳೇದೇ, ನಾನೂ ಸ್ಟುಡಿಯೋದಲ್ಲಿ ಹೊಗಳಿದ್ದೆ. ಆದರೆ ಈ ವ್ಯವಸ್ಥೆಗೆ ಒಗ್ಗದ ವಿದೇಶಿ ಸೈಟುಗಳಲ್ಲಿ ಭಾರತದ ಕಾರ್ಡುಗಳ ಮಾಸಿಕ ಪಾವತಿ ಮುಗ್ಗರಿಸಿತು.

ಹಾಗಾಗಿ ಹುಡುಗನಿಗೆ ಕಮಿಷನ್ ಬಗ್ಗೆ ಕೊನೆಗೆ ಕೇಳು ಅಂದೆ. ಮೊದಲು ಕೇಳಬೇಕಾದ್ದು ಬೇರೆ: ನಿನ್ನ ಊರಿನ ಅಭಿಮಾನಿ ಯುಪಿಐನಲ್ಲಿ ದುಡ್ಡು ಹಾಕೋಕೆ ಆಗುತ್ತಾ? ಚಂದಾದಾರರ ಇಮೇಲ್ ಪಟ್ಟಿ ನಿನ್ನ ಕೈಗೆ ಸಿಗುತ್ತಾ? ನಾಳೆ ಅಂಗಡಿ ಬದಲಾಯಿಸಿದರೆ ಗಿರಾಕಿ ಜೊತೆಗೆ ಬರ್ತಾನಾ? ಯೂಟ್ಯೂಬ್ ಮೆಂಬರ್‌ಶಿಪ್‌ನಲ್ಲಿ ಶೇ. 30 ಹೋಗುತ್ತೆ, ಆದರೆ ಜನ ಈಗಾಗಲೇ ಅಲ್ಲೇ ಇದಾರೆ. ಅದೂ ಸಣ್ಣ ಮಾತಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ಮೆಂಬರ್‌ಶಿಪ್ ಆನ್ ಮಾಡ್ತೀನಿ, ಪಕ್ಕದಲ್ಲೇ ಒಂದು ಎಕ್ಸೆಲ್ ಶೀಟೂ ಮಾಡ್ತೀನಿ. ಮೊದಲ ಹೆಸರು ನಿಮ್ಮದೇ ಬರೀಲಾ?" ಅಂದ. ತಿಂಗಳಿಗೆ 99 ರೂಪಾಯಿ ಅಂತೆ. ಕೊಟ್ಟೆ.