ಹಿಂಗಾಲಿನ ಕುಂಟು: ಬನವಾಸಿ ನಾಡಿನಲ್ಲಿ ಕುದುರೆ ಮತ್ತು ಅದರ ವೈದ್ಯ

ಕುಮುದ್ವತಿ ನದಿಯ ಜಲಾಶಯದಿಂದ ಹೆಸರಾದ ಅಂಜನಾಪುರವೂ ಅದರ ಸುತ್ತಲಿನ ಶಿಕಾರಿಪುರ, ಸೊರಬ ಸೀಮೆಗಳೂ ಭತ್ತದ ಗದ್ದೆಗಳ, ಎತ್ತುಗಳ ನಾಡು; ಮಳೆಗಾಲದ ಕೆಸರು ಕುದುರೆಯ ಗೊರಸಿಗೆ ಒಗ್ಗುವಂಥದ್ದಲ್ಲ. ಆದರೂ ಬನವಾಸಿ ಹನ್ನೆರಡು ಸಾವಿರವೆಂಬ ಹಳೆಯ ಆಡಳಿತ ವಿಭಾಗಕ್ಕೆ ಸೇರಿದ್ದ ಈ ಸೀಮೆಯ ವೀರಗಲ್ಲುಗಳಲ್ಲಿ ಕುದುರೆಯೇರಿ ಕಾದುವ ವೀರರು ಕಾಣಿಸುತ್ತಾರೆ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು 1162ರ ಶಾಸನವು ರೋಗಿಗಳಿಗೆ ಚಿಕಿತ್ಸೆ ದೊರೆಯುವ, ಸಕಲ ಜೀವಿಗಳಿಗೂ ಅಭಯ ಸಿಗುವ ತಾಣವೆಂದು ಬಣ್ಣಿಸುತ್ತದೆ. ಆ ಅಭಯದಲ್ಲಿ ಕುಂಟುವ ಕುದುರೆಗೂ ಪಾಲಿತ್ತೆಂದು ಇದರಿಂದ ಸಾಧಿಸಲಾಗದು.

13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣಕ್ಕೆ ಬಂದ ಮಾರ್ಕೊ ಪೋಲೊ, ತಮಿಳು ಕರಾವಳಿಯ ಅರಸರು ಕೊಂಡ ಕುದುರೆಗಳಲ್ಲಿ ಬಹುಪಾಲು ಆರೈಕೆ ಬಲ್ಲವರಿಲ್ಲದೆ ಸಾಯುತ್ತಿದ್ದವೆಂದೂ, ವ್ಯಾಪಾರ ಕೆಡಬಾರದೆಂದು ವರ್ತಕರು ಕುದುರೆ ವೈದ್ಯರನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಈ ಮಾತನ್ನು ಕನ್ನಡ ನಾಡಿಗೂ ಹಿಗ್ಗಿಸುವುದು ತಪ್ಪಾಗುತ್ತದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 1129ರ ಹೊತ್ತಿಗೇ ಕುದುರೆಗಳ ವಿಚಾರವನ್ನು ವಿಸ್ತಾರವಾಗಿ ಹೇಳಿತ್ತು. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡದಲ್ಲೇ ಬರೆದನು. ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರವೂ 18ನೆಯ ಶತಮಾನದ ಆರಂಭದಲ್ಲಿ ಅಶ್ವಶಾಸ್ತ್ರಕ್ಕೆ ಎಡೆ ಕೊಟ್ಟಿತು. ಅರಬ್ಬಿ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಿಗೆ ಬಂದಿಳಿದು ಘಟ್ಟ ಹತ್ತುತ್ತಿದ್ದ ಕಾಲದಲ್ಲಿ ಒಂದೊಂದರ ಬೆಲೆಯೂ ಅಪಾರವಾಗಿದ್ದುದರಿಂದ ಈ ವಿದ್ಯೆಗೆ ಅರಮನೆಯ ಆಶ್ರಯ ದೊರೆಯಿತು. ಹೇರು ಹೊರುವ ತಟ್ಟುವಿಗೆ, ಅಂದರೆ ಗಿಡ್ಡ ಜಾತಿಯ ಕುದುರೆಗೆ, ಅದರ ಫಲ ಎಷ್ಟು ಮುಟ್ಟಿತೆಂಬುದು ಬೇರೆ ಮಾತು.

ಬೇಗ ವಾಸಿಯಾಗದ ಹಿಂಗಾಲಿನ ನೋವಿಗೆ ಅಶ್ವವೈದ್ಯದ ಮೂಲಪುರುಷನೆನಿಸಿದ ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಪರಂಪರೆಯು ಎಣ್ಣೆ ತಿಕ್ಕುವುದು, ಶಾಖ ಕೊಡುವ ಸ್ವೇದನ, ಲೇಪ, ರಕ್ತ ತೆಗೆಯುವುದು, ಕೊನೆಗೆ ಕಾದ ಕಬ್ಬಿಣದಿಂದ ಸುಡುವ ಅಗ್ನಿಕರ್ಮ ಇವುಗಳನ್ನು ಹೇಳುತ್ತದೆ. ಹಳ್ಳಿಗಳಲ್ಲಿ ದನಕ್ಕೆ ಬರೆ ಹಾಕುವುದೂ ಈ ಕೊನೆಯ ಚಿಕಿತ್ಸೆಗೆ ಹತ್ತಿರದ್ದೇ. ಬರೆ ಹಾಕಿದ ಪ್ರಾಣಿಯನ್ನು ನೋವಿನಿಂದಾಗಿ ವಾರಗಟ್ಟಲೆ ದುಡಿಸದೆ ಬಿಡಬೇಕಾಗುತ್ತಿತ್ತು. ಹರಿದ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ನಾರು, ಕೂಡಿಕೊಳ್ಳಲು ತಿಂಗಳುಗಳೇ ಬೇಕಾದ್ದರಿಂದ, ಗುಣವಾದದ್ದಿದ್ದರೆ ಅದರ ಶ್ರೇಯಸ್ಸು ಕಾದ ಕಬ್ಬಿಣಕ್ಕಿಂತ ಈ ವಿಶ್ರಾಂತಿಗೆ ಸಲ್ಲಬೇಕು.

ಎಲ್ಲ ಕುಂಟೂ ವಿಶ್ರಾಂತಿಗೆ ಬಗ್ಗುವುದಿಲ್ಲ. ನಿಂತೇ ತೂಕಡಿಸಬಲ್ಲ ಕುದುರೆಯು ಹಿಂಗಾಲಿನ ಮಂಡಿಚಿಪ್ಪನ್ನು ತೊಡೆಮೂಳೆಯ ತುದಿಯ ಉಬ್ಬಿಗೆ ಸಿಕ್ಕಿಸಿ ಕಾಲನ್ನು ಬಿಗಿಮಾಡಿಕೊಳ್ಳುತ್ತದೆ. ಈ ಕೊಂಡಿ ಕಳಚದೆ ಉಳಿದರೆ ಕಾಲು ಹಿಂದಕ್ಕೆ ನೆಟ್ಟಗೆ ಚಾಚಿಕೊಂಡು ಗೊರಸಿನ ತುದಿ ನೆಲವನ್ನು ಗೀರುತ್ತಾ ಬರುತ್ತದೆ, ಆಮೇಲೆ ಥಟ್ಟನೆ ಜಾರಿ ಮಾಮೂಲಿನಂತೆ ಹೆಜ್ಜೆ ಬೀಳುತ್ತದೆ. ತಟ್ಟುಗಳಲ್ಲಿ ಇದು ಅಪರೂಪವಲ್ಲ. ಲಾಯದಲ್ಲೇ ಕಟ್ಟಿಹಾಕಿದಷ್ಟೂ ತೊಡೆಯ ಮಾಂಸಖಂಡ ಸೊರಗಿ ತೊಂದರೆ ಹೆಚ್ಚುವುದರಿಂದ, ಇತರ ಗಾಯಕ್ಕೆ ಮದ್ದಾಗುವ ವಿಶ್ರಾಂತಿಯೇ ಇಲ್ಲಿ ಕೇಡು ಮಾಡುತ್ತದೆ. ದಿನವೂ ತುಸು ಏರುಹಾದಿಯಲ್ಲಿ ನಡೆಸುವುದು, ಗೊರಸನ್ನು ಹದವಾಗಿ ಕತ್ತರಿಸಿ ಲಾಳ ಕಟ್ಟಿಸುವುದು ಮೊದಲ ಉಪಾಯ.

ಇದೇ ದೋಷ ಉಳುವ ಎತ್ತುಗಳಿಗೂ ಬರುತ್ತದೆ. ಮಂಡಿಚಿಪ್ಪಿನ ಒಳಬದಿಯ ಕಟ್ಟುನಾರನ್ನು, ಜಾಗ ಮರಗಟ್ಟಿಸಿ, ಚಿಕ್ಕ ಚಾಕುವಿನಿಂದ ಕತ್ತರಿಸುವ ಶಸ್ತ್ರಕ್ರಿಯೆಯನ್ನು ಪಶುವೈದ್ಯರು ಎರಡಕ್ಕೂ ಮಾಡುತ್ತಾರಾದರೂ ಫಲಿತಾಂಶ ಒಂದೇ ಅಲ್ಲ: ಎತ್ತು ಸಾಮಾನ್ಯವಾಗಿ ಆಗಲೇ ಸರಿಯಾಗಿ ಹೆಜ್ಜೆ ಹಾಕುತ್ತದೆ, ಕುದುರೆಯಲ್ಲಾದರೋ ಆಮೇಲೆ ಮಂಡಿಚಿಪ್ಪಿನ ಮೂಳೆ ಚೂರಾಗುವ ಭಯವಿರುವುದರಿಂದ ತಿಂಗಳುಗಟ್ಟಲೆ ಸುಮ್ಮನಿರಿಸಬೇಕು, ಹಾಗಾಗಿ ಬೇರೆಲ್ಲ ಉಪಾಯ ಸೋತ ಮೇಲಷ್ಟೇ ವೈದ್ಯರು ಅದರ ಕಾಲಿಗೆ ಚಾಕು ಹಚ್ಚುತ್ತಾರೆ.