ಭುಜಕ್ಕೆ ತಕ್ಕ ವಿಯೋಲಾ



ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಗಳ ಕಾರ್ಖಾನೆಗಳಲ್ಲಿ ದುಡಿಯುವವರು ನಮ್ಮ ಆನೇಕಲ್ ಸೀಮೆಯಲ್ಲಿ ಬಹಳ ಮಂದಿ. ಯಂತ್ರದ ಎತ್ತರಕ್ಕೆ ತಕ್ಕಂತೆ ದಿನವಿಡೀ ಬೆನ್ನು ಬಾಗಿಸುವುದೆಂದರೆ ಏನೆಂದು ಅವರಿಗೆ ನಾನು ಹೇಳಬೇಕಾಗಿಲ್ಲ. ಇದೇ ಕಷ್ಟವನ್ನು ಶತಮಾನಗಳಿಂದ ಉಂಡ ಇನ್ನೊಂದು ವರ್ಗವುಂಟು: ಪಾಶ್ಚಾತ್ಯ ವಾದ್ಯವೃಂದಗಳ ವಿಯೋಲಾ ವಾದಕರು.

ವಿಯೋಲಾ ಎಂದರೆ ಪಿಟೀಲಿನ ಅಕ್ಕ. ರೂಪ ಒಂದೇ, ದನಿ ಮಾತ್ರ ಒಂದು ಪಂಚಮದಷ್ಟು ಕೆಳಗೆ. ಪಿಟೀಲಿನ ಒಡಲು ಸುಮಾರು 14 ಅಂಗುಲ; ಆ ಅನುಪಾತದಲ್ಲಿ ವಿಯೋಲಾದ ಒಡಲು 21 ಅಂಗುಲವಿರಬೇಕು. ಅಷ್ಟು ದೊಡ್ಡದನ್ನು ಗಲ್ಲದಡಿ ಹಿಡಿದು ನುಡಿಸಬಲ್ಲವರಾರು? 16ನೆಯ ಶತಮಾನದಲ್ಲಿ ಇಟಲಿಯ ಕ್ರೆಮೋನಾದ ಆಂದ್ರೆಯಾ ಅಮಾತಿ 18 ಅಂಗುಲ ಮೀರಿದ ವಿಯೋಲಾಗಳನ್ನು ಕಟ್ಟಿದ. ಮುಂದಿನ ಪೀಳಿಗೆಗಳು ಅಂಥ ಅಮೂಲ್ಯ ವಾದ್ಯಗಳಲ್ಲಿ ಅನೇಕವನ್ನು ಅಂಚು ಕತ್ತರಿಸಿ ಕಿರಿದುಗೊಳಿಸಿದವು. ಕೇಳಿದರೆ ಮನ ನೋಯುತ್ತದೆ. ಆದರೆ ನುಡಿಸುವವನ ತೋಳಿನ ನೋವೂ ಸುಳ್ಳಲ್ಲ. ಇಂಗ್ಲೆಂಡಿನ ಮಹಾ ವಾದಕ ಲಯೊನೆಲ್ ಟರ್ಟಿಸ್ (1876–1975) 17 ಅಂಗುಲಕ್ಕೂ ಮೀರಿದ ವಿಯೋಲಾ ನುಡಿಸುತ್ತಿದ್ದವರು. ತೋಳುನೋವಿನಿಂದ 1937ರಲ್ಲಿ ವೇದಿಕೆಯಿಂದ ಹಿಂದೆ ಸರಿದರು. ಆಮೇಲೆ ಕುಶಲಕರ್ಮಿ ಆರ್ಥರ್ ರಿಚರ್ಡ್‌ಸನ್‌ರೊಡನೆ ಕೂಡಿ 16¾ ಅಂಗುಲದ ಹೊಸ ಮಾದರಿಯೊಂದನ್ನು ರೂಪಿಸಿದರು.

ಇಂದು ವೃತ್ತಿನಿರತ ವಾದಕರಿಗಾಗಿ 15, 15½ ಅಂಗುಲದ ವಿಯೋಲಾಗಳನ್ನೂ ಕೈಯಿಂದಲೇ ಕಟ್ಟುವವರಿದ್ದಾರೆ. ಉದ್ದ ಕಡಿಮೆಯಾದರೆ ಕೆಳಗಿನ ತಂತಿಯ ಗಂಭೀರ ನಾದ ಸೊರಗುತ್ತದೆ. ಆದ್ದರಿಂದ ಒಡಲಿನ ಕೆಳಭಾಗವನ್ನು ಅಗಲಿಸುತ್ತಾರೆ, ಪಕ್ಕದ ಪಟ್ಟಿಗಳನ್ನು ಎತ್ತರಿಸುತ್ತಾರೆ, ಸ್ಪ್ರೂಸ್ ಮರದ ಮೇಲ್ಹಲಗೆಯನ್ನು ಕೆತ್ತುತ್ತಾ, ತಟ್ಟಿ ಆಲಿಸುತ್ತಾ ಹದಗೊಳಿಸುತ್ತಾರೆ. ಮೇಲ್ಹಲಗೆಗೂ ಬೆನ್ನಹಲಗೆಗೂ ನಡುವೆ, ಅಂಟಿಲ್ಲದೆ, ಒಂದು ಪುಟ್ಟ ಕಡ್ಡಿ ನಿಂತಿರುತ್ತದೆ. ಇಟಲಿಯವರು ಅದನ್ನು ‘ಅನಿಮಾ’, ಅಂದರೆ ಆತ್ಮ, ಎನ್ನುತ್ತಾರೆ. ಕೂದಲೆಳೆಯಷ್ಟು ಸರಿದರೂ ದನಿ ಬದಲಾಗುತ್ತದೆ. (ಗುರುಮಠದಲ್ಲಿ ಲ್ಯಾಟಿನ್ ಓದಿದ ನಮಗೆ ಈ ಪದ ದೇವಶಾಸ್ತ್ರದ ಪುಟಗಳಲ್ಲಷ್ಟೇ ಸಿಕ್ಕಿತ್ತು!)

ನಮ್ಮ ನಾಡಿನಲ್ಲಿ ಈ ಸಮಸ್ಯೆ ಬೇರೆ ರೂಪ ತಾಳಿತು. ಕರ್ನಾಟಕ ಸಂಗೀತದ ಪಿಟೀಲುವಾದಕರು ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲೆ ಊರುತ್ತಾರೆ. ಭುಜದ ಭಾರ ಅಷ್ಟು ಇಳಿಯಿತು. ಉಳಿದದ್ದು ನಾದದ ಕೊರತೆ. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳದು. ಬಿಡಾರಂ ಕೃಷ್ಣಪ್ಪನವರ ಶಿಷ್ಯ, ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ವಾದ್ಯವನ್ನು ಹಿಗ್ಗಿಸಲಿಲ್ಲ. 1927ರಲ್ಲಿ ನಾಲ್ಕು ತಂತಿಗಳಿಗೆ ಮೂರನ್ನು ಕೂಡಿಸಿದರು.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರ್ಗನ್ನಿನ ಹಿರಿಮೆಯನ್ನು ಉಳಿಸಿಕೊಂಡೇ, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಗಾಯನವೃಂದಕ್ಕೆಂದು ಮಗುವಿಗೆ ಪಿಟೀಲು ಕೊಳ್ಳುವ ತಂದೆತಾಯಿಯರೇ, ‘ಬೆಳೆದ ಮೇಲೆ ಸರಿಹೋದೀತು’ ಎಂದು ದೊಡ್ಡವರ ಅಳತೆಯದನ್ನು ತರಬೇಡಿ. ಅರೆ, ಮುಕ್ಕಾಲು ಅಳತೆಯವು ಸಿಗುತ್ತವೆ. ಮಗುವಿನ ತೋಳನ್ನು ಅಳೆಸಿ ಕೊಳ್ಳಿ. ಹಾಗೆಯೇ ಬೆಂಗಳೂರಿಗೆ ಹೋದಾಗ ಚೌಡಯ್ಯ ಸ್ಮಾರಕ ಭವನವನ್ನು ಅವರಿಗೆ ತೋರಿಸಿ. 1980ರಲ್ಲಿ ಉದ್ಘಾಟನೆಗೊಂಡ ಆ ಕಟ್ಟಡಕ್ಕೆ ಪಿಟೀಲಿನದೇ ಆಕಾರ. ಮಕ್ಕಳು ಅದರ ತಂತಿಗಳನ್ನು ಎಣಿಸಲಿ.